ಚಳಿ ತಾಳುವ ಹೂ, ಚಳಿ ಬೇಡುವ ಹೂ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಚಳಿಗಾಲದ ಬಣ್ಣದ ಬಗ್ಗೆಯೇ ಇವೆ. ಸೆಪ್ಟೆಂಬರಿನಲ್ಲೇ ಕೇಳಿದ್ದೀರಿ ಎಂಬುದು ನನಗೆ ಸಂತೋಷ. ಡಿಸೆಂಬರಿನಲ್ಲಿ ಕೇಳಿದ್ದರೆ ನರ್ಸರಿಯ ದಾರಿ ತೋರಿಸುವುದು ಬಿಟ್ಟು ಬೇರೆ ಉತ್ತರವೇ ಇರುತ್ತಿರಲಿಲ್ಲ. ಚಳಿಗಾಲದ ತೋಟ ಮಳೆಗಾಲದ ಕೊನೆಯಲ್ಲೇ ನಿರ್ಧಾರವಾಗಿಬಿಡುತ್ತದೆ. ಬೀಜ ಅಥವಾ ಗಿಡ ಕೊಳ್ಳುವ ಮೊದಲು ಎಲ್ಲರೂ ಒಂದು ವಿಷಯ ತಿಳಿದುಕೊಳ್ಳಿ: ನಿಮ್ಮ ಊರಿನ ಅತಿ ತಣ್ಣನೆಯ ರಾತ್ರಿ ಎಷ್ಟು ಡಿಗ್ರಿಗೆ ಇಳಿಯುತ್ತದೆ? ಕೆಳಗಿನ ಉತ್ತರಗಳೆಲ್ಲ ಆ ಒಂದು ಅಂಕಿಯ ಮೇಲೆ ನಿಂತಿವೆ.

ಕಾಂಪೌಂಡಿಗೆ ಒತ್ತಿ ನೆಟ್ಟ ನಮ್ಮ ಪಾಯಿನ್‌ಸೆಟಿಯಾ ಆಳೆತ್ತರ ಬೆಳೆದಿದೆ. ಡಿಸೆಂಬರಿನಲ್ಲಿ ಎದುರು ಮನೆಯದು ಕೆಂಪೇರಿ ನಿಂತರೂ ನಮ್ಮದು ಹಸಿರಾಗಿಯೇ ಉಳಿಯಿತು. ಗೊಬ್ಬರ ಬದಲಿಸಿ ನೋಡಿದೆ. ಚಳಿ ಸಾಲದೇ? ಇನ್ನೊಂದು: ಲಾಲ್‌ಬಾಗ್ ಪ್ರದರ್ಶನ ನೋಡಿ ಆಸೆಪಟ್ಟು ತಂದ ಪ್ಯಾನ್ಸಿ ಗಿಡಗಳು ಫೆಬ್ರವರಿ ದಾಟಲಿಲ್ಲ. — ಮಲ್ಲೇಶ್ವರ, ಬೆಂಗಳೂರು

ನಿಮ್ಮ ಗೇಟಿನ ಹತ್ತಿರ ಬೀದಿದೀಪ ಇದೆಯೇ ನೋಡಿ. ಇಲ್ಲವೆಂದರೆ ಪೋರ್ಟಿಕೋದ ಬಲ್ಬು ರಾತ್ರಿಯಿಡೀ ಉರಿಯುತ್ತಿರಬೇಕು. ಪಾಯಿನ್‌ಸೆಟಿಯಾ ಕೆಂಪಾಗುವುದಕ್ಕೆ ಚಳಿಗಿಂತ ಮುಖ್ಯವಾಗಿ ಬೇಕಾದದ್ದು ಕತ್ತಲೆ. ನಾವು ಹೂವೆಂದುಕೊಳ್ಳುವ ಆ ಕೆಂಪು ದಳಗಳು ನಿಜಕ್ಕೂ ಎಲೆಗಳು. ನಡುವೆ ಇರುವ ಹಳದಿ ಗುಂಡುಗಳೇ ಹೂ. ಸೆಪ್ಟೆಂಬರ್ ಕೊನೆಯಿಂದ ನಮ್ಮಲ್ಲಿ ರಾತ್ರಿ ಹನ್ನೆರಡು ತಾಸಿಗಿಂತ ಉದ್ದವಾಗುತ್ತದೆ. ಗಿಡ ಆ ಉದ್ದವನ್ನು ಗುರುತಿಸಿ ಮೊಗ್ಗು ಕಟ್ಟಲು ತೊಡಗುತ್ತದೆ. ನಡುರಾತ್ರಿ ಬೆಳಕು ಬಿದ್ದರೆ ಅದರ ಲೆಕ್ಕದಲ್ಲಿ ರಾತ್ರಿ ಎರಡು ತುಂಡಾಯಿತು, ಬೇಸಿಗೆ ಇನ್ನೂ ಮುಗಿದಿಲ್ಲ. ಎಷ್ಟು ಗೊಬ್ಬರ ಸುರಿದರೂ ಹಸಿರೇ ಹೆಚ್ಚುತ್ತದೆ.

ಮನೆಯ ದೀಪವಾದರೆ ಅಕ್ಟೋಬರ್ ಮೊದಲ ವಾರದಿಂದ ಎರಡು ತಿಂಗಳು ಆರಿಸಿಡಿ. ಬೀದಿದೀಪವಾದರೆ ಬೆಳಕಿನ ಕಡೆಗೆ ದಪ್ಪ ಗೋಣಿತಟ್ಟು ಕಟ್ಟಿ ಮರೆಮಾಡಿ. ಒಂದು ಕೊಂಬೆ ನಾಟಿ ಮಾಡಿ ಕುಂಡದಲ್ಲಿ ಇನ್ನೊಂದು ಗಿಡ ಬೆಳೆಸಿಕೊಂಡರೆ ಇನ್ನೂ ಸುಲಭ: ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ರಟ್ಟಿನ ಪೆಟ್ಟಿಗೆ ಕವುಚಿ, ಹಗಲು ಒಳ್ಳೆಯ ಬಿಸಿಲಿಗಿಡಿ. ಗಿಡ ಸವರುವುದಿದ್ದರೆ ಆಗಸ್ಟ್ ಕೊನೆಯೊಳಗೆ ಮುಗಿಸಬೇಕು. ಈಗ ಕತ್ತರಿ ಹಾಕಿದರೆ ಈ ವರ್ಷದ ಬಣ್ಣವನ್ನೇ ಕತ್ತರಿಸಿದಂತೆ. ಇದರ ಹಾಲು ಚರ್ಮಕ್ಕೆ ತಾಗಿದರೆ ಕೆಲವರಿಗೆ ಕೆರೆತ ಬರುತ್ತದೆ, ಕೈಗವಸು ಹಾಕಿಕೊಳ್ಳಿ.

ಪ್ಯಾನ್ಸಿಯದು ಬೇರೆ ಕಥೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ನೀರು ಹೆಪ್ಪುಗಟ್ಟುವ ಚಳಿ ಈ ಊರು ಕಂಡದ್ದೇ ಇಲ್ಲ. ಹೀಗಾಗಿ ಚಳಿ ತಾಳುವ ಗಿಡ ಯಾವುದು ಎಂಬ ಪ್ರಶ್ನೆ ಇಲ್ಲಿ ಏಳುವುದಿಲ್ಲ. ಚಳಿ ಬೇಡುವ ಗಿಡಕ್ಕೆ ಇಲ್ಲಿಯ ಚಳಿ ಸಾಕೇ ಎಂದು ಕೇಳಿಕೊಳ್ಳಬೇಕು. ಪ್ಯಾನ್ಸಿಗೆ ತಂಪು ರಾತ್ರಿ ಬೇಕು. ಫೆಬ್ರವರಿಯಲ್ಲಿ ಹಗಲು ಮೂವತ್ತು ಡಿಗ್ರಿ ಮುಟ್ಟುತ್ತಿದ್ದಂತೆ ಅದು ಉದ್ದುದ್ದ ಎಳೆದುಕೊಂಡು ಸೊರಗುತ್ತದೆ. ಅದು ನಿಮ್ಮ ತಪ್ಪಲ್ಲ, ಗಿಡದ ಆಯಸ್ಸೇ ಅಷ್ಟು. ಜನವರಿಯಲ್ಲಿ ಅರಳಿದ ಗಿಡ ತರುವ ಬದಲು ಈಗಲೇ ಬೀಜ ಹಾಕಿದರೆ ಡಿಸೆಂಬರ್ ಹೊತ್ತಿಗೇ ಹೂ ಬಂದು ಎರಡು ತಿಂಗಳು ಪೂರ್ತಿ ಸಿಗುತ್ತದೆ. ಪೆಟೂನಿಯಾ, ಫ್ಲಾಕ್ಸ್, ಡಯಾಂಥಸ್, ಆಸ್ಟರ್, ಸಾಲ್ವಿಯಾಗಳಿಗೂ ಇದೇ ಲೆಕ್ಕ. ಅಕ್ಟೋಬರಿನ ಹಿಂಗಾರು ಮಳೆ ಎಳೆ ಸಸಿಗಳ ಬುಡ ಕೊಳೆಸುವುದು ಖಂಡಿತ. ಸಸಿಗಳನ್ನು ಟ್ರೇಯಲ್ಲಿ ಮಾಡಿ, ಸೂರಿನ ಕೆಳಗಿಟ್ಟು, ನಾಲ್ಕಾರು ಎಲೆ ಬಂದ ಮೇಲೆ ಮಡಿಗೆ ಇಳಿಸಿ. ಬಣ್ಣದ ಎಲೆಕೋಸು ಮಾತ್ರ ಬೆಂಗಳೂರಿನಲ್ಲಿ ದೆಹಲಿಯಷ್ಟು ಗಾಢವಾಗುವುದಿಲ್ಲ. ರಾತ್ರಿ ಹತ್ತು ಡಿಗ್ರಿಗೆ ಇಳಿದಾಗ ಅದರ ನೇರಳೆ ಹೊಳಪು ನೋಡುವಂತಿರುತ್ತದೆ.

ಇಷ್ಟೆಲ್ಲ ಬೇಡ ಎನ್ನುವವರು ಗೋಡೆಯ ಮೇಲೆ ಪೈರೊಸ್ಟೀಜಿಯಾ ಬಳ್ಳಿ ಹಬ್ಬಿಸಲಿ. ಬ್ರೆಜಿಲ್ ಕಡೆಯ ಈ ಬಳ್ಳಿ ಸಂಕ್ರಾಂತಿಯ ಸುಮಾರಿಗೆ ಎಲೆಯೇ ಕಾಣದಂತೆ ಕಿತ್ತಳೆ ಹೂ ಇಳಿಬಿಡುತ್ತದೆ. ಹೂ ಮುಗಿದೊಡನೆ ಸವರಿದರೆ ಸಾಕು.

ಮಳೆಗಾಲ ಪೂರ್ತಿ ನಮ್ಮ ಅಂಗಳದ ಸುತ್ತ ಡೇರೆ ಹೂವು. ಅತ್ತೆಯವರ ಕಾಲದ ಗೆಡ್ಡೆಗಳೂ ಇವೆ, ನೆಂಟರ ಮನೆಯಿಂದ ತಂದ ಬಣ್ಣಗಳೂ ಇವೆ. ದೀಪಾವಳಿ ಕಳೆದದ್ದೇ ಎಲ್ಲ ಒಣಗಿ ಬೋಳು. ಅಂಗಳ ಅಡಿಕೆ ಹರವಲು ಬೇಕು, ಅಂಚಿನಲ್ಲಿ ಮಾತ್ರ ಜಾಗ. ಚಳಿಗಾಲಕ್ಕೆ ಏನು ಹಾಕಲಿ? ತೆಗೆದಿಟ್ಟ ಗೆಡ್ಡೆಯೂ ಅರ್ಧ ಕೊಳೆಯುತ್ತದೆ. — ಸಾಗರ ತಾಲೂಕು

ಮೊದಲು ಗೆಡ್ಡೆಯ ವಿಷಯ, ಏಕೆಂದರೆ ಅತ್ತೆಯವರ ಕಾಲದ ಬಣ್ಣ ಒಮ್ಮೆ ಕಳೆದುಹೋದರೆ ಯಾವ ನರ್ಸರಿಯಲ್ಲೂ ಸಿಗುವುದಿಲ್ಲ. ಡೇರೆ ಮೆಕ್ಸಿಕೋದ ಎತ್ತರದ ನಾಡಿನ ಗಿಡ. ಅಲ್ಲಿ ಅದು ಮಳೆಯಲ್ಲಿ ಬೆಳೆದು, ಒಣ ಚಳಿಗಾಲದಲ್ಲಿ ನೆಲದೊಳಗೆ ಮಲಗುತ್ತದೆ. ಅಂಗಳ ಚೊಕ್ಕ ಮಾಡುವ ಆತುರದಲ್ಲಿ ಹಸಿರಿರುವಾಗಲೇ ಕಿತ್ತರೆ ಗೆಡ್ಡೆ ಬಲಿತಿರುವುದಿಲ್ಲ, ಅದೇ ಕೊಳೆಯುವುದು. ಕಾಂಡ ತಾನಾಗಿ ಒಣಗಲಿ. ಆಮೇಲೆ ಗೇಣುದ್ದ ಕಾಂಡ ಬಿಟ್ಟು ಕತ್ತರಿಸಿ, ದೂರದಿಂದ ಅಗೆದು, ಗೊಂಚಲನ್ನು ಮುರಿಯದೆ ಎತ್ತಿ. ಹೊಸ ಮೊಳಕೆಯ ಕಣ್ಣು ಗೆಡ್ಡೆಯ ಹೊಟ್ಟೆಯಲ್ಲಿ ಇರುವುದಿಲ್ಲ. ಕಾಂಡಕ್ಕೆ ಕೂಡುವ ಕುತ್ತಿಗೆಯಲ್ಲಿರುತ್ತದೆ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪವಿದ್ದರೂ ಚಿಗುರದು. ನೆರಳಲ್ಲಿ ಕೆಲವು ದಿನ ಆರಿಸಿ, ಒಣ ಮರಳು ಅಥವಾ ತೆಂಗಿನ ನಾರಿನ ಪುಡಿಯಲ್ಲಿ ಹುದುಗಿಸಿ, ಗಾಳಿಯಾಡುವ ಬುಟ್ಟಿಯಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಹೂ ಇರುವಾಗಲೇ ಕಾಂಡಕ್ಕೆ ಬಣ್ಣದ ಹೆಸರು ಬರೆದ ಚೀಟಿ ಕಟ್ಟಿ. ಎಲ್ಲ ಗೆಡ್ಡೆಯೂ ಒಂದೇ ಥರ ಕಾಣುತ್ತದೆ.

ಅಂಚಿಗೆ ನನ್ನ ಮೊದಲ ಆಯ್ಕೆ ಸ್ಫಟಿಕ. ಅಕ್ಟೋಬರ್–ನವೆಂಬರಿನಿಂದ ಜನವರಿವರೆಗೆ ನೀಲಿ, ಬಿಳಿ, ಗುಲಾಬಿ, ಗೆರೆಯ ಹೂ ಬಿಡುತ್ತದೆ. ನಮ್ಮ ನೆಲದ್ದೇ ಗಿಡ, ರೆಂಬೆ ಚುಚ್ಚಿದರೆ ಬದುಕುತ್ತದೆ, ಆರೈಕೆ ಕೇಳುವುದಿಲ್ಲ, ಮುಡಿಯುವುದಕ್ಕೂ ಆಗುತ್ತದೆ. ಮನೆಮನೆಯಲ್ಲಿದ್ದ ಈ ಗಿಡವನ್ನು ಹಳೆಯದೆಂದು ಕಿತ್ತು ಹಾಕಿ ಅದರ ಜಾಗಕ್ಕೆ ಪೇಟೆಯ ಕ್ರೋಟನ್ ತರುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದರ ಮುಂದೆ ಸೇವಂತಿಗೆಯ ಸಾಲಿರಲಿ. ಸೇವಂತಿಗೆಯೂ ಪಾಯಿನ್‌ಸೆಟಿಯಾದಂತೆ ಉದ್ದ ರಾತ್ರಿಯನ್ನು ಕಂಡೇ ಮೊಗ್ಗು ಕಟ್ಟುವ ಗಿಡ. ಬೇಕಾದ ಹಬ್ಬಕ್ಕೆ ಹೂ ಬರಲೆಂದು ಪಾಲಿಹೌಸ್ ಬೆಳೆಗಾರರು ರಾತ್ರಿ ಬಲ್ಬು ಉರಿಸಿ ಅದನ್ನು ತಡೆದು ನಿಲ್ಲಿಸುವುದುಂಟು. ನಿಮ್ಮಲ್ಲಿ ಅಡಿಕೆ ಸುಲಿಯುವ ಕಾಲಕ್ಕೆ ಚಪ್ಪರದ ದೀಪ ತಡರಾತ್ರಿವರೆಗೆ ಉರಿಯುತ್ತದೆಯಲ್ಲವೇ? ಸೇವಂತಿಗೆ ಆ ಬೆಳಕಿನಿಂದ ದೂರವಿರಲಿ, ಮನೆಯ ಇನ್ನೊಂದು ಮಗ್ಗುಲಿಗೆ ಹಾಕಿ. ಬೆಳಗಿನ ಇಬ್ಬನಿಗೆ ಎಲೆ ಮೇಲೆ ಕಪ್ಪು ಚುಕ್ಕೆ ಬರುತ್ತದೆ; ಗಿಡಗಳ ನಡುವೆ ಗಾಳಿಗೆ ಜಾಗ ಬಿಟ್ಟು, ನೀರನ್ನು ಬುಡಕ್ಕೆ ಮಾತ್ರ ಕೊಡಿ.

ಜನವರಿಯಲ್ಲಿ ನಮ್ಮಲ್ಲಿ ಮೈ ಕೊರೆಯುವ ಚಳಿ. ಗುಲಾಬಿ ಗಿಡಗಳಿಗೆ ರಾತ್ರಿ ಗೋಣಿಚೀಲ ಹೊದಿಸಬೇಕೇ? — ಬೀದರ್

ಬೇಡ. ಬೀದರಿನ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಹೋದರೂ ಗುಲಾಬಿಗೆ ಅದು ಹಬ್ಬ. ಅಕ್ಟೋಬರ್ ಮೊದಲ ಹದಿನೈದು ದಿನಗಳಲ್ಲಿ ಸವರಿ, ಬುಡ ಬಿಡಿಸಿ ಕೊಟ್ಟಿಗೆ ಗೊಬ್ಬರ ಕೊಡಿ. ನವೆಂಬರ್ ಕೊನೆಯಿಂದ ದೊಡ್ಡ ಹೂ, ಒಳ್ಳೆಯ ಬಣ್ಣ ಬರುತ್ತದೆ. ಚಳಿಗೆ ನಲುಗುವವು ಕನಕಾಂಬರ ಮತ್ತು ದಾಸವಾಳ. ಅವುಗಳ ಎಲೆ ಹಳದಿಯಾದರೆ ಗೊಬ್ಬರ ಹಾಕಬೇಡಿ, ನೀರು ಕಡಿಮೆ ಮಾಡಿ. ಬಿಸಿಲು ಬಲಿತಾಗ ತಾವೇ ಚೇತರಿಸಿಕೊಳ್ಳುತ್ತವೆ.

ದೆಹಲಿಗೆ ವರ್ಗವಾಗಿ ಬಂದೆವು. ಊರಿಂದ ತಂದ ಕನಕಾಂಬರವೂ ತುಳಸಿಯೂ ಮಹಡಿಯ ಮೇಲೆ ಒಂದೇ ರಾತ್ರಿಯಲ್ಲಿ ಸುಟ್ಟಂತೆ ಕಪ್ಪಾದವು. ಪಕ್ಕದಲ್ಲೇ ಇದ್ದ ಪೆಟೂನಿಯಾ ಸಾಯಲಿಲ್ಲ, ಆದರೆ ಜನವರಿ ಪೂರ್ತಿ ಹೂವನ್ನೂ ಬಿಡಲಿಲ್ಲ. ತುಳಸಿ ಒಣಗಿದ್ದಕ್ಕೆ ಮನೆಯಲ್ಲಿ ಎಲ್ಲರಿಗೂ ಬೇಸರ. — ಆರ್.ಕೆ. ಪುರಂ, ನವದೆಹಲಿ

ನಿಮ್ಮ ಗಿಡಗಳನ್ನು ಸುಟ್ಟದ್ದಕ್ಕೆ ಅಲ್ಲಿಯವರು ಪಾಲಾ ಎನ್ನುತ್ತಾರೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ, ಎಲೆ, ಮಹಡಿ ಎಲ್ಲವೂ ತಮ್ಮ ಬಿಸಿಯನ್ನು ಬಯಲು ಆಕಾಶಕ್ಕೆ ಕಳೆದುಕೊಳ್ಳುತ್ತವೆ. ಗಾಳಿಯಲ್ಲಿ ಮೂರು ನಾಲ್ಕು ಡಿಗ್ರಿ ಇದ್ದರೂ ಎಲೆಯ ಮೇಲ್ಮೈ ಸೊನ್ನೆಗಿಳಿಯಬಹುದು. ಆಗ ನೀರು ಹೆಪ್ಪುಗಟ್ಟಿ ಎಲೆಯ ಜೀವಕೋಶಗಳು ಒಡೆಯುತ್ತವೆ. ಬಿಸಿಲು ಬಂದಾಗ ಎಲೆ ಬೇಯಿಸಿದ ಸೊಪ್ಪಿನಂತೆ ಜೋತುಬೀಳುತ್ತದೆ. ಕನಕಾಂಬರ, ತುಳಸಿಗಳಿಗೆ ಇದರ ವಿರುದ್ಧ ಯಾವ ರಕ್ಷಣೆಯೂ ಇಲ್ಲ. ಪೆಟೂನಿಯಾದಂಥವು ದಿನ ಕಿರಿದಾಗುತ್ತ ಚಳಿ ನಿಧಾನವಾಗಿ ಏರುತ್ತಿದ್ದಂತೆ ಜೀವಕೋಶಗಳಲ್ಲಿ ಸಕ್ಕರೆ ತುಂಬಿಕೊಂಡು, ಹೆಪ್ಪುಗಟ್ಟುವ ಬಿಂದುವನ್ನು ಒಂದಿಷ್ಟು ಕೆಳಗಿಳಿಸಿಕೊಳ್ಳುತ್ತವೆ. ಈ ಸಿದ್ಧತೆಗೆ ವಾರಗಳು ಬೇಕು. ಡಿಸೆಂಬರ್ ಕೊನೆಯಲ್ಲಿ ಬೆಚ್ಚನೆಯ ಊರಿಂದ ತಂದಿಟ್ಟ ಗಿಡ ಸಾಯುವುದು, ನವೆಂಬರಿನಿಂದ ಅಲ್ಲೇ ಬೆಳೆದ ಅದೇ ಜಾತಿಯ ಗಿಡ ಬದುಕುವುದು ಇದೇ ಕಾರಣಕ್ಕೆ.

ತುಳಸಿಗೆ ಉಪಾಯವಿದೆ. ಡಿಸೆಂಬರ್ ಮಧ್ಯದಿಂದ ಕುಂಡವನ್ನು ದಕ್ಷಿಣದ ಗೋಡೆಗೆ ಒತ್ತಿ ಸೂರಿನ ಕೆಳಗಿಡಿ. ಸಂಜೆ ಹತ್ತಿಯ ಬಟ್ಟೆ ಹೊದಿಸಿ, ಬೆಳಿಗ್ಗೆ ಬಿಸಿಲು ಬಂದ ಮೇಲೆ ತೆಗೆಯಿರಿ. ಉತ್ತರದ ಮನೆಗಳಲ್ಲಿ ತುಳಸಿಗೆ ಬಟ್ಟೆ ಹೊದಿಸುವುದು ಎಲ್ಲೆಲ್ಲೂ ಕಾಣುತ್ತದೆ. ಪಾಲಾ ಬೀಳುವ ಸೂಚನೆಯಿದ್ದರೆ ಹಿಂದಿನ ದಿನವೇ ಮಣ್ಣನ್ನು ಸ್ವಲ್ಪ ತೇವ ಮಾಡಿಡಿ. ಒದ್ದೆ ಮಣ್ಣು ಒಣಮಣ್ಣಿಗಿಂತ ಹೆಚ್ಚು ಬಿಸಿ ಹಿಡಿದಿಡುತ್ತದೆ. ಜೊತೆಗೆ ಈಗಲೇ ಬೀಜ ಎತ್ತಿಟ್ಟುಕೊಳ್ಳಿ.

ಪೆಟೂನಿಯಾ ಕೆಟ್ಟಿಲ್ಲ, ಕಾಯುತ್ತಿತ್ತು. ದೆಹಲಿಯ ಜನವರಿಯಲ್ಲಿ ಮಂಜು ಕವಿದು ಬಿಸಿಲೇ ಇರುವುದಿಲ್ಲ; ಗಿಡ ಬೇರಿನ ಕೆಲಸ ಮಾಡಿಕೊಂಡು, ಫೆಬ್ರವರಿ ನಡುವಿನಿಂದ ಮಾರ್ಚ್‌ವರೆಗೆ ಒಮ್ಮೆಲೇ ಅರಳುತ್ತದೆ. 2023ರಲ್ಲಿ ಅಮೃತ ಉದ್ಯಾನವೆಂದು ಹೆಸರು ಬದಲಾದ ರಾಷ್ಟ್ರಪತಿ ಭವನದ ತೋಟವನ್ನು ಜನರಿಗೆ ಅದೇ ಹೊತ್ತಿಗೆ ತೆರೆಯುತ್ತಾರೆ. ಬೆಂಗಳೂರಿನ ಹೂವಿನ ಕಾಲವನ್ನು ಅಲ್ಲಿಗೆ ಹೊತ್ತೊಯ್ಯಬೇಡಿ. ಜನವರಿಯಲ್ಲೂ ಅಷ್ಟಿಷ್ಟು ಬಣ್ಣ ಬೇಕಾದರೆ ಪ್ಯಾನ್ಸಿ, ವಯೋಲಾ, ಕ್ಯಾಲೆಂಡುಲ, ಡಾಗ್ ಫ್ಲವರ್, ಅಲಿಸಮ್ ಹಾಕಿ, ಜೊತೆಗೆ ಬಣ್ಣದ ಎಲೆಕೋಸು. ನಸ್ಟರ್ಷಿಯಂ, ಡೇರೆ, ಸಿನೇರಿಯಾ, ಕೆಂಪು ಸಾಲ್ವಿಯಾಗಳನ್ನು ಬಯಲು ಮಹಡಿಯಲ್ಲಿ ಬಿಡಬೇಡಿ.

ನ್ಯೂಜೆರ್ಸಿಯಲ್ಲಿ ಈಗಷ್ಟೇ ಸ್ವಂತ ಮನೆಯಾಗಿದೆ, ಹಿತ್ತಲಿದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಕಿಟಕಿಯಾಚೆ ಬರೀ ಬೂದು ಬಣ್ಣ. ಅಮ್ಮ ಈ ಚಳಿಗಾಲ ನಮ್ಮೊಡನೆ ಇರಲು ಬರುತ್ತಿದ್ದಾರೆ. ಅವರು ದಿನವಿಡೀ ಆ ಕಿಟಕಿಯ ಮುಂದೆಯೇ ಕೂರುವವರು. ಹಿಮದಲ್ಲಿ ಬಣ್ಣ ಕಾಣುವ ಗಿಡಗಳುಂಟೇ? ಜಿಂಕೆಗಳ ಕಾಟವೂ ಇದೆ. — ಎಡಿಸನ್, ನ್ಯೂಜೆರ್ಸಿ

ಉಂಟು, ಮತ್ತು ನೀವು ಸರಿಯಾದ ತಿಂಗಳಲ್ಲಿ ಕೇಳಿದ್ದೀರಿ. ಅಮೆರಿಕದ ಕೃಷಿ ಇಲಾಖೆ ಇಡೀ ದೇಶವನ್ನು ಚಳಿಗಾಲದ ಅತಿ ತಣ್ಣನೆಯ ರಾತ್ರಿಗಳ ಸರಾಸರಿಯ ಮೇಲೆ ವಲಯಗಳಾಗಿ ವಿಂಗಡಿಸಿದೆ. ಆ ನಕ್ಷೆಯನ್ನು 2023ರಲ್ಲಿ ಪರಿಷ್ಕರಿಸಿದ್ದಾರೆ. ಜಿಪ್ ಕೋಡ್ ಕೊಟ್ಟರೆ ನಿಮ್ಮ ವಲಯ ತಿಳಿಯುತ್ತದೆ. ನಿಮ್ಮದು 7ರ ವಲಯ ಎಂದಿಟ್ಟುಕೊಳ್ಳಿ: ಸೊನ್ನೆಗಿಂತ ಹನ್ನೆರಡರಿಂದ ಹದಿನೆಂಟು ಡಿಗ್ರಿ ಕೆಳಗೆ. ನರ್ಸರಿಯ ಚೀಟಿಯ ಮೇಲೆ 7 ಅಥವಾ ಅದಕ್ಕಿಂತ ಕಡಿಮೆ ಅಂಕಿ ಇದ್ದರೆ ನೆಲದಲ್ಲಿ ನೆಡಬಹುದು. ಕುಂಡಕ್ಕಾದರೆ ಎರಡು ವಲಯ ಹೆಚ್ಚು ಗಟ್ಟಿಯಾದದ್ದು ಬೇಕು, ಅಂದರೆ 5. ನೆಲದ ಬೇರಿಗೆ ಭೂಮಿಯ ಬಿಸಿಯ ಆಸರೆ ಇದೆ, ಕುಂಡದ ಬೇರನ್ನು ನಾಲ್ಕೂ ಕಡೆಯಿಂದ ಚಳಿ ಮುತ್ತುತ್ತದೆ.

ಅಲ್ಲಿ ಡಿಸೆಂಬರಿಗೆ ಹೂವನ್ನೇ ನೆಚ್ಚಿ ಕೂರಬೇಡಿ. ಹಣ್ಣು, ತೊಗಟೆ, ಎಲೆಗಳಲ್ಲಿ ಬಣ್ಣ ಹುಡುಕಿ. ಅಮ್ಮನ ಕಿಟಕಿಗೆ ನೇರ ಎದುರಾಗಿ ನಾನು ನೆಡಿಸುವುದು ವಿಂಟರ್‌ಬೆರಿ. ಅಮೆರಿಕದ ಪೂರ್ವ ಭಾಗದ್ದೇ ಆದ ಈ ಪೊದೆ ಎಲೆಯನ್ನೆಲ್ಲ ಉದುರಿಸಿ, ಬರಿಯ ಕೊಂಬೆಯ ತುಂಬ ಕುಂಕುಮಗೆಂಪು ಹಣ್ಣು ಹಿಡಿದು ನಿಲ್ಲುತ್ತದೆ. ಹಿಮ ಬಿದ್ದ ಮರುದಿನ ಅದರ ಮುಂದೆ ಬೇರೆ ಯಾವ ಗಿಡವೂ ನಿಲ್ಲದು. ಆದರೆ ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹಣ್ಣು ಬಿಡುವುದು ಹೆಣ್ಣು. ಹತ್ತಿರದಲ್ಲಿ ಅದೇ ಹೊತ್ತಿಗೆ ಹೂ ಬಿಡುವ ಗಂಡು ಇಲ್ಲದಿದ್ದರೆ ಒಂದು ಹಣ್ಣೂ ಇಲ್ಲ. ಗಿಡ್ಡ ತಳಿಯಾದ ರೆಡ್ ಸ್ಪ್ರೈಟ್ ಕೊಂಡರೆ ಜೊತೆಗೆ ಜಿಮ್ ಡ್ಯಾಂಡಿ ಎಂಬ ಗಂಡು, ಎತ್ತರದ ವಿಂಟರ್ ರೆಡ್ ಕೊಂಡರೆ ಸದರ್ನ್ ಜಂಟಲ್‌ಮನ್. ಒಂದು ಗಂಡು ಐದಾರು ಹೆಣ್ಣಿಗೆ ಸಾಕು. ಹಣ್ಣು ತಿನ್ನುವುದಕ್ಕಲ್ಲ, ಮಕ್ಕಳಿಗೆ ಹೇಳಿಡಿ. ಹಕ್ಕಿಗಳಿಗೆ ಮಾತ್ರ ಅದು ಊಟ, ಅಮ್ಮನಿಗೆ ಹಕ್ಕಿಗಳೂ ಕಾಣುತ್ತವೆ.

ಅದರ ಹಿಂದೆ ಕೆಂಪು ಕಡ್ಡಿಯ ಡಾಗ್‌ವುಡ್. ಇದರ ಎಳೆಯ ಕಾಂಡಗಳೇ ಕೆಂಪು, ಹಳೆಯವು ಕಂದಾಗುತ್ತವೆ. ವಸಂತದ ಆರಂಭದಲ್ಲಿ ಪ್ರತಿವರ್ಷ ಮೂರರಲ್ಲೊಂದು ಪಾಲು ಹಳೆಯ ಕಾಂಡವನ್ನು ಬುಡದಲ್ಲೇ ಕತ್ತರಿಸುತ್ತಿರಿ. ಫೆಬ್ರವರಿಗೆ ಬೇಕಾದದ್ದು ವಿಚ್ ಹೇಜಲ್: ಬಾಸ್ಟನ್ನಿನ ಆರ್ನಾಲ್ಡ್ ಆರ್ಬೊರೇಟಂನಲ್ಲಿ ಹುಟ್ಟಿದ ಆರ್ನಾಲ್ಡ್ ಪ್ರಾಮಿಸ್ ಎಂಬ ತಳಿ ಹಿಮ ಇನ್ನೂ ಕರಗದಿರುವಾಗಲೇ ಹಳದಿ ಎಳೆಯೆಳೆಯಾದ ಹೂ ಬಿಡುತ್ತದೆ. ಚಳಿ ಹೆಚ್ಚಾದ ದಿನ ದಳಗಳನ್ನು ಸುರುಳಿ ಸುತ್ತಿಕೊಂಡು, ಬಿಸಿಲಿಗೆ ಮತ್ತೆ ಬಿಡಿಸುತ್ತದೆ. ಈ ಚಳಿಗಾಲಕ್ಕೇ ಹೂ ಬೇಕಾದರೆ ಮೊಗ್ಗಿರುವ ದೊಡ್ಡ ಗಿಡವನ್ನೇ ಕೊಳ್ಳಬೇಕು, ಬೆಲೆ ಹೆಚ್ಚು.

ಜಿಂಕೆಯ ವಿಷಯಕ್ಕೆ ಬಂದರೆ, ಅವು ಸಾಮಾನ್ಯವಾಗಿ ಬಾಯಿ ಹಾಕದವು ಹೆಲ್ಲೆಬೋರ್, ಸ್ನೋಡ್ರಾಪ್ ಮತ್ತು ಡ್ಯಾಫಡಿಲ್. ಸ್ನೋಡ್ರಾಪ್, ಡ್ಯಾಫಡಿಲ್ ಗೆಡ್ಡೆಗಳನ್ನು ಅಕ್ಟೋಬರಿನಲ್ಲಿ ನೆಡಿ. ಟ್ಯೂಲಿಪ್, ಪ್ಯಾನ್ಸಿಗಳನ್ನು ರಾತ್ರಿ ಬೆಳಗಾಗುವುದರೊಳಗೆ ಮುಗಿಸುತ್ತವೆ. ಅವು ಬಾಗಿಲ ಬಳಿಯ ಕುಂಡದಲ್ಲಿರಲಿ. ಡಾಗ್‌ವುಡ್, ವಿಂಟರ್‌ಬೆರಿಗಳಿಗೆ ಮೊದಲ ಕೆಲವು ವರ್ಷ ತಂತಿಬಲೆ ಸುತ್ತಿ. ಹೆಲ್ಲೆಬೋರ್ ವಿಷದ ಗಿಡ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಅದರ ಹೂಗಳನ್ನು ನೀರು ತುಂಬಿದ ಅಗಲ ಪಾತ್ರೆಯಲ್ಲಿ ತೇಲಿಬಿಟ್ಟರೆ ದಿನಗಟ್ಟಲೆ ಚೆನ್ನಾಗಿರುತ್ತವೆ.

ಇನ್ನು ಮುಂದೆ ಸಾರಜನಕದ ಗೊಬ್ಬರ ಹಾಕಬೇಡಿ. ಈಗ ಬರುವ ಎಳೆ ಚಿಗುರು ಚಳಿಗೆ ಸಿದ್ಧವಾಗುವ ಮೊದಲೇ ಸಾಯುತ್ತದೆ. ನೆಲ ಹೆಪ್ಪುಗಟ್ಟುವವರೆಗೂ ಹೊಸ ಗಿಡಗಳಿಗೆ ನೀರು ಕೊಡುತ್ತಿರಿ. ಹೋಲಿಯಂಥ ನಿತ್ಯಹಸಿರು ಗಿಡಗಳು ಚಳಿಗಿಂತ ಹೆಚ್ಚಾಗಿ ಬಾಯಾರಿಕೆಯಿಂದ ಸಾಯುತ್ತವೆ: ಗಾಳಿ ಎಲೆಯ ನೀರನ್ನು ಎಳೆಯುತ್ತದೆ, ಹೆಪ್ಪುಗಟ್ಟಿದ ನೆಲ ಬೇರಿಗೆ ನೀರು ಕೊಡುವುದಿಲ್ಲ. ಗಿಡದ ಬುಡದ ಹಿಮವನ್ನು ಗುಡಿಸಬೇಡಿ, ಅದು ಹೊದಿಕೆ. ದಾರಿಗೆ ಹಾಕುವ ಉಪ್ಪು ಮಾತ್ರ ಬೇರಿಗೆ ತಾಗದಿರಲಿ.

ಇಲ್ಲಿಯ ಚಳಿಗಾಲದಲ್ಲಿ ನನಗೆ ಬಣ್ಣಕ್ಕಿಂತ ಮಲ್ಲಿಗೆಯ ಪರಿಮಳದ ನೆನಪು ಹೆಚ್ಚು. ವಿಂಟರ್ ಜಾಸ್ಮಿನ್ ಎಂಬ ಗಿಡ ತಂದು ನೆಟ್ಟೆ. ಹೂ ಬಂತು, ಹಳದಿ, ವಾಸನೆಯೇ ಇಲ್ಲ. ನರ್ಸರಿಯವರು ಬೇರೆ ಗಿಡ ಕೊಟ್ಟರೇ? — ಮ್ಯಾಂಚೆಸ್ಟರ್, ಇಂಗ್ಲೆಂಡ್

ಸರಿಯಾದದ್ದನ್ನೇ ಕೊಟ್ಟಿದ್ದಾರೆ. ಮಲ್ಲಿಗೆಯ ಕುಲದ್ದೇ ಆದರೂ ಅದಕ್ಕೆ ಪರಿಮಳವಿಲ್ಲ. 1844ರಲ್ಲಿ ರಾಬರ್ಟ್ ಫಾರ್ಚೂನ್ ಚೀನಾದಿಂದ ಇಂಗ್ಲೆಂಡಿಗೆ ತಂದ ಗಿಡ ಅದು. ಎಲೆಯಿಲ್ಲದ ಹಸಿರು ಕಡ್ಡಿಗಳ ಮೇಲೆ ಜನವರಿಯಲ್ಲಿ ಹೂ ಬಿಡುವುದೇ ಅದರ ಹೆಚ್ಚುಗಾರಿಕೆ. ಕೀಳಬೇಡಿ, ಬಣ್ಣಕ್ಕೆ ಅದಿರಲಿ.

ಪರಿಮಳಕ್ಕೆ ಬಾಗಿಲ ಪಕ್ಕ ಸಾರ್ಕೊಕೋಕಾ ನೆಡಿ. ಹೂ ಕಣ್ಣಿಗೆ ಬೀಳದಷ್ಟು ಸಣ್ಣದು, ಆದರೆ ಹಾದುಹೋಗುವವರು ನಿಂತು ನೋಡುವಷ್ಟು ಸುವಾಸನೆ, ಅದೂ ನೆರಳಿನಲ್ಲಿ. ಜಾಗವಿದ್ದರೆ ಡಾಫ್ನೆ ಭೋಲುವಾ, ಜಾಕ್ವೆಲಿನ್ ಪೋಸ್ಟಿಲ್ ಎಂಬ ತಳಿ. ಮೂಲದಲ್ಲಿ ಹಿಮಾಲಯದ ಗಿಡ. ನೇಪಾಳದಲ್ಲಿ ಇದರ ತೊಗಟೆಯಿಂದ ಕಾಗದ ಮಾಡುತ್ತಾರೆ. ಜನವರಿ–ಫೆಬ್ರವರಿಯಲ್ಲಿ ನಸುಗೆಂಪು ಗೊಂಚಲು ಬಿಡುತ್ತದೆ. ಒಮ್ಮೆ ನೆಟ್ಟ ಮೇಲೆ ಕಿತ್ತು ಬೇರೆಡೆ ಹಾಕಿದರೆ ಸಹಿಸುವುದಿಲ್ಲ, ಜಾಗ ಯೋಚಿಸಿ ಆರಿಸಿ. ಎಲ್ಲ ಭಾಗವೂ ವಿಷ, ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬೇಡ.

ಮಲ್ಲಿಗೆಯೇ ಬೇಕೆಂಬ ಮನಸ್ಸಿಗೆ ಇವೆರಡೂ ಸಾಲದು, ಅದು ನನಗೆ ಗೊತ್ತು. ನಮ್ಮ ದುಂಡುಮಲ್ಲಿಗೆ ಅಲ್ಲಿ ಹೊರಗೆ ಬದುಕದು, ಒಳಗಿಟ್ಟರೂ ಚಳಿಗಾಲದಲ್ಲಿ ಹೂ ಬಿಡದು. ಫೆಬ್ರವರಿಯಲ್ಲಿ ಒಳಗೆ ಅರಳುವುದು ಜಾಸ್ಮಿನಮ್ ಪಾಲಿಯಾಂಥಮ್: ನಸುಗೆಂಪು ಮೊಗ್ಗು, ಬಿಳಿ ಹೂ, ಕೋಣೆ ತುಂಬುವ ಪರಿಮಳ. ಅದನ್ನು ಕೊಂಡವರು ಮರುವರ್ಷ ಹೂವೇ ಬರಲಿಲ್ಲ ಎನ್ನುತ್ತಾರೆ. ಕಾರಣ, ಹೀಟರಿನ ಪಕ್ಕ ಇಟ್ಟಿರುತ್ತಾರೆ. ಮೊಗ್ಗು ಕಟ್ಟಲು ಅದಕ್ಕೆ ಶರತ್ಕಾಲದ ತಂಪು ರಾತ್ರಿಗಳು ಬೇಕು. ಕುಂಡವನ್ನು ಅಕ್ಟೋಬರ್ ಪೂರ್ತಿ ಹೊರಗೇ ಬಿಟ್ಟು, ಮೊದಲ ಹಿಮದ ಮುನ್ಸೂಚನೆ ಬಂದಾಗ ಬಿಸಿ ಮಾಡದ, ಬಿಸಿಲು ಬೀಳುವ ಕೋಣೆಗೆ ತನ್ನಿ. ಹೂ ಮುಗಿದ ಮೇಲೆ ಬಳ್ಳಿಯನ್ನು ಗಿಡ್ಡಕ್ಕೆ ಸವರಿ, ಮೇ ತಿಂಗಳಲ್ಲಿ ಮತ್ತೆ ಹೊರಗಿಡಿ.